ಮಕ್ಕಳ ದಾರಿಯನ್ನು ಬರೆದಿಟ್ಟವರು ಯಾರು?

(ಪುತ್ತೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಲ್ಲಿ ಕುಳಿತಿರುವ ಯಾರನ್ನು ಕೇಳಿದರೂ ತಮ್ಮ ಮಗ ಅಥವಾ ಮಗಳು ಕಳೆದ ಪರೀಕ್ಷೆಯಲ್ಲಿ ಗಳಿಸಿದ ಅಂಕವನ್ನು ತಟ್ಟನೆ ಹೇಳುತ್ತಾರೆ. ಕಾಲೇಜಿನ ಶುಲ್ಕ ಎಷ್ಟೆಂದು ಕೇಳಿದರೆ ಅದಕ್ಕಿಂತಲೂ ಬೇಗ ಹೇಳುತ್ತಾರೆ. ಆದರೆ ನಿನ್ನೆ ನಿಮ್ಮ ಮಗಳು ಮನೆಯಿಂದ ಎಷ್ಟು ಗಂಟೆಗೆ ಹೊರಟಳು, ರಸ್ತೆಯವರೆಗೆ ಎಷ್ಟು ನಡೆದಳು, ಬಸ್ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಂತಳು, ತುಂಬಿ ಬಂದ ಎಷ್ಟು ಬಸ್ಸುಗಳು ನಿಲ್ಲದೆ ಹೋದವು, ಸಂಜೆ ಅವಳಿಗೆ ಸೀಟು ಸಿಕ್ಕಿತೇ ಎಂದು ಕೇಳಿದರೆ ಸಭೆ ಮೌನವಾಗುತ್ತದೆ. ಇದು ನಿಮ್ಮನ್ನು ಹೀಗಳೆಯಲು ಆಡುವ ಮಾತಲ್ಲ. ಕಾಲೇಜಿನವರಲ್ಲಿಯೂ ಇದಕ್ಕೆ ಉತ್ತರವಿಲ್ಲ. ಅವರ ಹಾಜರಿ ಪುಸ್ತಕ ತೆರೆದುಕೊಳ್ಳುವುದು ಮಗು ತರಗತಿಯ ಬಾಗಿಲನ್ನು ದಾಟಿದ ಮೇಲೆ. ಮನೆಯ ಗೇಟಿನಿಂದ ತರಗತಿಯ ಬಾಗಿಲಿನವರೆಗಿನ ಎರಡು ಗಂಟೆ ಯಾರ ಲೆಕ್ಕದಲ್ಲಿಯೂ ಇಲ್ಲ.

ನಾನು ಮದರಸದಲ್ಲಿ ಕಲಿತು ಅನಂತರ ಬಿ.ಎ. ಮಾಡಿದವನು. ಆ ಮೂರು ವರ್ಷಗಳಲ್ಲಿ ಓದಿದ್ದರಲ್ಲಿ ಒಂದಿಷ್ಟನ್ನು ಬಸ್ಸಿನ ಕಂಬಿ ಹಿಡಿದು ನಿಂತೇ ಓದಿದ್ದೇನೆ. ಒಂದು ವರ್ಷ ಮೊದಲ ಪೀರಿಯಡ್ ಇಂಗ್ಲಿಷಿನದಾಗಿತ್ತು. ನಮ್ಮ ಬಸ್ಸು ಪೇಟೆ ಮುಟ್ಟುವಾಗ ಆ ಪೀರಿಯಡ್ ಅರ್ಧ ಮುಗಿದಿರುತ್ತಿತ್ತು. ವರ್ಷದ ಕೊನೆಗೆ ಆ ಒಂದು ವಿಷಯದಲ್ಲಿ ಮಾತ್ರ ನನ್ನ ಹಾಜರಾತಿ ಶೇ. 75ಕ್ಕೆ ಮುಟ್ಟಲಿಲ್ಲ. ತಂದೆಯನ್ನು ಕರೆದುಕೊಂಡು ಬರುವಂತೆ ಹೇಳಿದರು. ತಂದೆ ಬಂದರು, ಮಗ ಇಂಗ್ಲಿಷಿಗೆ ಹೆದರಿ ತಪ್ಪಿಸಿಕೊಳ್ಳುತ್ತಿದ್ದಾನೆಂದು ಅಧ್ಯಾಪಕರು ಹೇಳಿದ್ದನ್ನು ತಲೆತಗ್ಗಿಸಿ ಕೇಳಿದರು. ಬಸ್ಸಿನ ವಿಷಯ ಅಲ್ಲಿ ಯಾರ ಬಾಯಲ್ಲಿಯೂ ಬರಲಿಲ್ಲ. ನಾನೂ ಹೇಳಲಿಲ್ಲ. ಬಸ್ಸು ತಡವಾಗುವುದು ಮಳೆ ಬಂದಂತೆ, ಅದು ದೂರುವ ವಿಷಯವೇ ಅಲ್ಲ ಎಂದು ನಾವೆಲ್ಲ ನಂಬಿದ್ದೆವು.

ನಮ್ಮ ಈ ಮೂರು ತಾಲೂಕುಗಳ ಸಂಗತಿಯನ್ನು ಸ್ವಲ್ಪ ನೋಡೋಣ. ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಆರಂಭವಾದದ್ದು 1958ರಲ್ಲಿ. ವಿವೇಕಾನಂದ ಕಾಲೇಜು 1965ರಲ್ಲಿ. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರ ಪ್ರಯತ್ನದಿಂದ ನೆಹರೂ ಮೆಮೋರಿಯಲ್ ಕಾಲೇಜು ಬಂದದ್ದು 1976ರಲ್ಲಿ. ಹತ್ತು ವರ್ಷಗಳ ಅನಂತರ ಅಲ್ಲಿಯೇ ಇಂಜಿನಿಯರಿಂಗ್ ಕಾಲೇಜೂ ಬಂತು. ಅದಕ್ಕಿಂತ ಮೊದಲು ಪದವಿ ಎಂದರೆ ಮಂಗಳೂರು. ಸುಳ್ಯದಿಂದ ಮಂಗಳೂರಿಗೆ 85 ಕಿ.ಮೀ. ಆಸುಪಾಸು, ದಿನವೂ ಹೋಗಿ ಬರುವ ಮಾತೇ ಇರಲಿಲ್ಲ. ಹಾಸ್ಟೆಲಿನ ಖರ್ಚು ಭರಿಸಬಲ್ಲ ಕುಟುಂಬಗಳ ಹುಡುಗರು ಓದಿದರು. ಅನಂತರ ಉಪ್ಪಿನಂಗಡಿ, ಬೆಳ್ಳಾರೆಗಳಲ್ಲಿಯೂ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಂದವು. ಕಾಲೇಜುಗಳು ಊರ ಹತ್ತಿರಕ್ಕೆ ಬಂದವು ಎಂಬುದು ನಿಜ. ಆದುದರಿಂದಲೇ ನಾವು ದೂರದ ಸಮಸ್ಯೆ ಪರಿಹಾರವಾಯಿತು ಎಂದು ಭಾವಿಸಿಬಿಟ್ಟೆವು. ನಮ್ಮ ತಪ್ಪು ಅಲ್ಲಿದೆ.

ಬಯಲುಸೀಮೆಯಲ್ಲಿ ಊರು ಎಂದರೆ ಮನೆಗೆ ಮನೆ ತಾಗಿಕೊಂಡಿರುವ ಬೀದಿಗಳು. ಒಂದು ಬಸ್ಸು ನಿಂತರೆ ಊರಿಗೆ ಊರೇ ಹತ್ತಬಹುದು. ನಮ್ಮಲ್ಲಿ ಹಾಗಲ್ಲ. ಅಡಿಕೆ ತೋಟದ ಒಳಗೊಂದು ಮನೆ, ಗುಡ್ಡದ ಆಚೆಗೆ ಇನ್ನೊಂದು ಮನೆ. ತೋಟದಿಂದ ರಸ್ತೆಗೆ ಒಂದೆರಡು ಕಿ.ಮೀ. ನಡಿಗೆ. ಅಲ್ಲಿಂದ ಸಿಕ್ಕಿದರೆ ರಿಕ್ಷಾ ಅಥವಾ ಜೀಪು. ಅನಂತರ ಬಸ್ಸು. ಪೇಟೆಯಲ್ಲಿ ಇಳಿದ ಮೇಲೆ ಮತ್ತೆ ನಡಿಗೆ. ಮಂಗಳೂರು ಪೇಟೆಯಲ್ಲಿರುವಂತೆ ಐದೈದು ನಿಮಿಷಕ್ಕೊಂದು ಖಾಸಗಿ ಸಿಟಿ ಬಸ್ಸು ಇಲ್ಲಿಲ್ಲ. ನಮ್ಮ ಕಡೆ ಮುಖ್ಯವಾಗಿ ಸರಕಾರಿ ಬಸ್ಸನ್ನೇ ನಂಬಿರಬೇಕು. ಸುಳ್ಯದಿಂದ ಹೊರಟ ಬಸ್ಸು ಜಾಲ್ಸೂರು, ಕಾವು ದಾಟಿ ಕುಂಬ್ರಕ್ಕೆ ಬರುವಾಗ ಬೆಳಗಿನ ಹೊತ್ತು ಬಾಗಿಲಲ್ಲಿ ಜನ ನೇತಾಡುತ್ತಿರುತ್ತಾರೆ. ಹೊರಡುವ ಊರಿನವರಿಗೆ ಸೀಟಿದೆ, ಮುಟ್ಟುವ ಊರಿನವರಿಗೆ ಬಸ್ಸೇ ಬೇಡ. ಪೆಟ್ಟು ಬೀಳುವುದು ಮಧ್ಯದವರಿಗೆ. ಎಕ್ಸ್‌ಪ್ರೆಸ್ ಬಸ್ಸು ಅವರ ಪಾಲಿಗೆ ಬರಿಯ ಧೂಳು.

ಕಡಬದ ಮಾತು ಬೇರೆಯೇ. 2013ರ ಬಜೆಟಿನಲ್ಲಿ ತಾಲೂಕೆಂದು ಘೋಷಣೆಯಾಗಿ ಕೆಲವು ವರ್ಷಗಳ ಬಳಿಕ ಅದು ತಾಲೂಕಾಯಿತು. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಗಡಿ ಬರೆದರು. ಆದರೆ ಸವಣೂರು, ಆಲಂಕಾರು, ರಾಮಕುಂಜ, ನೆಲ್ಯಾಡಿ, ಬಿಳಿನೆಲೆಗಳ ಮಕ್ಕಳಲ್ಲಿ ಹಲವರ ದಾರಿ ಇಂದಿಗೂ ಪುತ್ತೂರು, ಉಪ್ಪಿನಂಗಡಿ, ಸುಬ್ರಹ್ಮಣ್ಯಗಳ ಕಡೆಗೇ ಇದೆ. ತಾಲೂಕು ಕಚೇರಿ ಬದಲಾದ ಮಾತ್ರಕ್ಕೆ ಬಸ್ಸಿನ ದಿಕ್ಕು ಬದಲಾಗುವುದಿಲ್ಲ. ಹೊಸ್ಮಠದ ಹಳೆಯ ಮುಳುಗು ಸೇತುವೆಯನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಮಳೆಗಾಲದಲ್ಲಿ ಗುಂಡ್ಯ ಹೊಳೆ ಉಕ್ಕಿದರೆ ಉಪ್ಪಿನಂಗಡಿ-ಕಡಬ ರಸ್ತೆಯೇ ಇಲ್ಲ. ಆಚೆ ದಡದ ಮಕ್ಕಳು ಆಚೆ, ಈಚೆಯವರು ಈಚೆ. ಎತ್ತರದ ಹೊಸ ಸೇತುವೆ ಬಂದ ಮೇಲೆ ಆ ಕಷ್ಟ ತೀರಿತು. ಆ ಸೇತುವೆಗಾಗಿ ದಶಕಗಳ ಕಾಲ ಕೂಗಬೇಕಾಯಿತು. ಅಷ್ಟು ವರ್ಷ ಎಷ್ಟು ಮಕ್ಕಳು ಎಷ್ಟು ದಿನ ಹೊಳೆಬದಿಯಿಂದ ಹಿಂದೆ ಬಂದರು ಎಂಬ ಒಂದು ಪಟ್ಟಿ ಯಾರ ಕೈಯಲ್ಲಾದರೂ ಇದ್ದಿದ್ದರೆ ಆ ಕೂಗಿಗೆ ಇನ್ನಷ್ಟು ಬಲ ಬರುತ್ತಿರಲಿಲ್ಲವೇ?

ಸ್ವೀಡನ್ ದೇಶದಲ್ಲಿ ಟಾರ್ಸ್ಟೆನ್ ಹೇಗರ್‌ಸ್ಟ್ರಾಂಡ್ ಎಂಬ ಭೂಗೋಳ ಶಾಸ್ತ್ರಜ್ಞರಿದ್ದರು. 1970ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಅವರು ಮುಂದಿಟ್ಟ ವಿಚಾರ ಬಹಳ ಸರಳ. ಮನುಷ್ಯ ಎಲ್ಲಿಗೆ ಹೋಗಬಲ್ಲ ಎಂಬುದನ್ನು ನಿರ್ಧರಿಸುವುದು ದೂರವೊಂದೇ ಅಲ್ಲ, ಅವನು ಎಷ್ಟು ಹೊತ್ತಿಗೆ ಮರಳಿ ಬರಬೇಕು ಎಂಬುದು. ಗೂಟಕ್ಕೆ ಕಟ್ಟಿದ ಆಡನ್ನು ನೆನೆದುಕೊಳ್ಳಿ. ಹಗ್ಗ ಎಷ್ಟುದ್ದವೋ ಅಷ್ಟೇ ಮೇವು. ಆಚೆ ಹಸಿರು ಹುಲ್ಲು ಕಾಣುತ್ತದೆ, ಬಾಯಿಗೆ ಸಿಗುವುದಿಲ್ಲ. ಮನುಷ್ಯನ ಹಗ್ಗ ಸಮಯದ್ದು. ನಮ್ಮ ಹೆಣ್ಣುಮಕ್ಕಳ ಹಗ್ಗವನ್ನು ನಾವು ಮಗ್ರಿಬ್‌ನ ಗೂಟಕ್ಕೆ ಕಟ್ಟಿದ್ದೇವೆ. ಬಾಂಗ್ ಕೇಳುವ ಮೊದಲು ಮನೆಯಲ್ಲಿರಬೇಕು. ನಾನು ಆ ನಿಯಮವನ್ನು ಇಲ್ಲಿ ಚರ್ಚಿಸಲು ಬಂದವನಲ್ಲ. ಅದರ ಹಿಂದಿನ ತಾಯಿಯ ಆತಂಕ ನನಗೆ ಗೊತ್ತಿದೆ. ಒಂದು ಲೆಕ್ಕವನ್ನು ಮಾತ್ರ ಹೇಳುತ್ತೇನೆ. ನಮ್ಮ ಊರಿನಲ್ಲಿ ಜುಲೈ ತಿಂಗಳ ಮೊದಲಲ್ಲಿ ಸೂರ್ಯ ಮುಳುಗುವುದು ಸಂಜೆ ಏಳರ ಹತ್ತಿರ. ನವೆಂಬರ್ ಕೊನೆಯಲ್ಲಿ ಆರರ ಆಸುಪಾಸು. ಎಂದರೆ ಅದೇ ಮಗಳು, ಅದೇ ಕಾಲೇಜು, ಅದೇ ಬಸ್ಸಿನ ವೇಳಾಪಟ್ಟಿ. ಆದರೆ ಹಗ್ಗ ಸುಮಾರು ಒಂದು ಗಂಟೆ ಗಿಡ್ಡವಾಗಿದೆ. ಜುಲೈಯಲ್ಲಿ ಲ್ಯಾಬ್ ಮುಗಿಸಿ ಬರಲು ಸಾಧ್ಯವಿದ್ದ ಹುಡುಗಿಗೆ ನವೆಂಬರಿನಲ್ಲಿ ಅದು ಅಸಾಧ್ಯವಾಗುತ್ತದೆ. ಪರೀಕ್ಷೆಗಳು ಹತ್ತಿರವಾಗುವ ಕಾಲವೂ ಅದೇ.

ಕಡಬದ ಕಡೆ ನನಗೆ ಪರಿಚಯದ ಒಂದು ಮನೆ. ಮಗಳು ಹತ್ತನೇ ತರಗತಿಯಲ್ಲಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದವಳು. ಪಿಯುಸಿಗೆ ಕಲಾ ವಿಭಾಗ ಸೇರಿದಳು. ನಾನು ಕಾರಣ ಕೇಳಿದಾಗ ತಂದೆ, "ಅವಳಿಗೆ ಆಸಕ್ತಿ ಇಲ್ಲ" ಎಂದರು. ಚಹಾ ತಂದ ತಾಯಿ ಏನೂ ಹೇಳಲಿಲ್ಲ. ನಾನು ಹೊರಡುವಾಗ ಆ ಮಗು ಜಗಲಿಯಲ್ಲಿ ನಿಂತು ಹೇಳಿತು: "ಪ್ರಾಕ್ಟಿಕಲ್ ಇರುವ ದಿನ ನಾಲ್ಕೂವರೆಯ ಬಸ್ಸು ಸಿಗುವುದಿಲ್ಲ ಕಾಕ. ಅದು ತಪ್ಪಿದರೆ ಮತ್ತೆ ಕತ್ತಲೆಗೇ." ನಾನು ಬಿ.ಎ. ಓದಿದವನು, ಕಲಾ ವಿಭಾಗವನ್ನು ಕೀಳೆಂದು ಹೇಳಲಾರೆ. ಆದರೆ ತಾನು ಬಯಸಿ ಆರಿಸುವುದು ಬೇರೆ, ಬಸ್ಸಿನ ವೇಳಾಪಟ್ಟಿ ಆರಿಸಿಕೊಡುವುದು ಬೇರೆ. ಆ ಮನೆಯ ದಾಖಲೆಯಲ್ಲಿ ಉಳಿದದ್ದು "ಆಸಕ್ತಿ ಇಲ್ಲ" ಎಂಬ ಮಾತು.

ಇದು ನಮ್ಮ ಮಲೆ-ಹೊಳೆಗಳ ಊರಿನ ಕತೆ ಮಾತ್ರ ಎಂದುಕೊಳ್ಳಬೇಡಿ. ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ದೆಹಲಿ ವಿಶ್ವವಿದ್ಯಾಲಯದ ಸುಮಾರು ನಾಲ್ಕು ಸಾವಿರ ವಿದ್ಯಾರ್ಥಿಗಳನ್ನು ವಿಚಾರಿಸಿ, ಅವರು ಮನೆಯಿಂದ ಕಾಲೇಜಿಗೆ ಹೋಗುವ ಮಾರ್ಗಗಳನ್ನು ನಕ್ಷೆಯ ಮೇಲೆ ಇಟ್ಟು, ಆ ಮಾರ್ಗಗಳ ಸುರಕ್ಷತೆಯ ಮಾಹಿತಿಯೊಂದಿಗೆ ಹೋಲಿಸಿ ನೋಡಿದರು. ಕಂಡದ್ದೇನು? ಹುಡುಗಿಯರು ತಮ್ಮ ಅಂಕಗಳಿಗೆ ಸಿಗಬಹುದಾದ ಉತ್ತಮ ಕಾಲೇಜನ್ನು ಬಿಟ್ಟು, ಸುರಕ್ಷಿತ ದಾರಿಯಿರುವ ಸಾಧಾರಣ ಕಾಲೇಜನ್ನು ಆರಿಸಿಕೊಳ್ಳುತ್ತಿದ್ದರು. ಸುರಕ್ಷಿತ ದಾರಿಗಾಗಿ ಹುಡುಗರಿಗಿಂತ ಹೆಚ್ಚು ಹಣ ವ್ಯಯಿಸಲೂ ಸಿದ್ಧರಿದ್ದರು. ಮೆಟ್ರೋ ರೈಲು ಓಡುವ ರಾಜಧಾನಿಯ ಮಾತಿದು.

2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ವೇದಿಕೆಗಳಲ್ಲಿ ನೂರಾರು ಬಾರಿ ಉಲ್ಲೇಖಿಸಿದ್ದೇವೆ. ಮುಸ್ಲಿಮರು ವಾಸಿಸುವ ಪ್ರದೇಶಗಳಲ್ಲಿ ಪ್ರಾಥಮಿಕದ ಅನಂತರದ ಶಾಲೆಗಳು ಕಡಿಮೆ, ಹೆಣ್ಣುಮಕ್ಕಳ ಶಾಲೆಗಳು ಇನ್ನೂ ಕಡಿಮೆ ಎಂದು ಅದು ಹೇಳಿತ್ತು. ನಾವು ಶೇಕಡಾವಾರುಗಳನ್ನು ಬಾಯಿಪಾಠ ಮಾಡಿದೆವು. ನಮ್ಮದೇ ಮೊಹಲ್ಲಾದ ಲೆಕ್ಕವನ್ನು ಮಾತ್ರ ತೆಗೆಯಲಿಲ್ಲ.

ಲೆಕ್ಕ ತೆಗೆಯುವುದು ಅಸಾಧ್ಯವೇನೂ ಅಲ್ಲ. ಕೆನಡಾದ ಟೊರಾಂಟೊ ನಗರದಲ್ಲಿ 2015ರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳು ಒಟ್ಟುಗೂಡಿ ತಮ್ಮ ವಿದ್ಯಾರ್ಥಿಗಳು ದಿನವೂ ಎಲ್ಲಿಂದ, ಹೇಗೆ, ಎಷ್ಟು ಹೊತ್ತು ಪ್ರಯಾಣಿಸುತ್ತಾರೆಂದು ವಿಚಾರಿಸಿದವು. 15 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಉತ್ತರ ಕೊಟ್ಟರು. ಒಂದು ದಿನದ ದಿನಚರಿ ಬರೆದುಕೊಟ್ಟರೆ ಸಾಕಿತ್ತು.

ನಮ್ಮ ರಾಜ್ಯದಲ್ಲಿಯೂ ಒಂದು ಲೆಕ್ಕ ತಾನಾಗಿಯೇ ಹುಟ್ಟಿಕೊಂಡಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಬಳಿಕ ಸರಕಾರಿ ಬಸ್ಸಿನಲ್ಲಿ ಹತ್ತಿದ ಪ್ರತಿ ಹೆಣ್ಣುಮಗಳಿಗೂ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಎಲ್ಲಿ ಹತ್ತಿದಳು, ಎಲ್ಲಿಗೆ ಹೊರಟಳು ಎಂಬುದು ಯಂತ್ರದಲ್ಲಿ ದಾಖಲಾಗುತ್ತದೆ. 2025ರ ಜುಲೈ 14ರಂದು ಆ ಟಿಕೆಟುಗಳ ಸಂಖ್ಯೆ 500 ಕೋಟಿ ಮುಟ್ಟಿತೆಂದು ಮುಖ್ಯಮಂತ್ರಿಗಳೇ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಟ್ಟದ್ದನ್ನು ಕಂಡಿದ್ದೇವೆ. ಹೆಣ್ಣುಮಕ್ಕಳ ಓದಿಗೆ ಆ ಯೋಜನೆಯಿಂದ ಆದ ಉಪಕಾರವನ್ನು ಯಾರೂ ಅಲ್ಲಗಳೆಯಬಾರದು. ಆದರೆ ಆ ಯಂತ್ರ ಬಲ್ಲದ್ದು ಬಸ್ಸು ಹತ್ತಿದವಳನ್ನು ಮಾತ್ರ. ತುಂಬಿದ ಬಸ್ಸು ನಿಲ್ಲದೆ ಹೋದಾಗ ಸ್ಟಾಪಿನಲ್ಲಿ ಉಳಿದವಳು ಅದರಲ್ಲಿಲ್ಲ. ಮನೆಯಿಂದ ಸ್ಟಾಪಿನವರೆಗೆ ಮಳೆಯಲ್ಲಿ ನಡೆದ ದೂರ ಅದರಲ್ಲಿಲ್ಲ. ಪಾಸು ತೋರಿಸಿ ಫುಟ್‌ಬೋರ್ಡಿನಲ್ಲಿ ನಿಂತ ಹುಡುಗ ಅದರಲ್ಲಿಲ್ಲ. ಗಡಿಯಾಚೆಯ ದೇಲಂಪಾಡಿ, ಅಡೂರುಗಳಿಂದ ಈ ಕಡೆ ಓದಲು ಬರುವ ಮಗಳಿಗೆ ವಿಳಾಸ ಕೇರಳದ್ದಾದುದರಿಂದ ಆ ಟಿಕೆಟೇ ಇಲ್ಲ. ಬಸ್ಸಿನ ರಗಳೆಯೇ ಬೇಡವೆಂದು ಪಿಯುಸಿ ಮುಗಿಸಿ ಮನೆಯಲ್ಲಿ ಉಳಿದವಳಂತೂ ಯಾವ ಯಂತ್ರಕ್ಕೂ ಕಾಣುವುದಿಲ್ಲ.

ಇನ್ನು ಸ್ನಾತಕೋತ್ತರ ಓದುವವರ ಸಂಗತಿ. ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಸ್ಥಾಪನೆಯಾಯಿತು. ಅದು ಇರುವುದು ಕೊಣಾಜೆಯ ಗುಡ್ಡದ ಮೇಲೆ. ಪುತ್ತೂರಿನಿಂದ ಹೋಗುವವರು ಮಾಣಿ, ಕಲ್ಲಡ್ಕ ದಾಟಿ ಮೆಲ್ಕಾರಿನಲ್ಲಿ ಇಳಿದು ಮುಡಿಪು ದಾರಿಯ ಬಸ್ಸು ಹಿಡಿಯಬೇಕು. ಕಲ್ಲಡ್ಕದ ಮೇಲ್ಸೇತುವೆ 2025ರಲ್ಲಿ ತೆರೆಯುವವರೆಗೆ ಆ ಒಂದು ಪೇಟೆ ದಾಟಲು ಹಿಡಿದ ಸಮಯವನ್ನು ಆ ದಾರಿಯವರೇ ಹೇಳಬೇಕು. ರೈಲಿನ ಬಗ್ಗೆ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಮಂಗಳೂರು-ಹಾಸನ ರೈಲು ಮಾರ್ಗ 1979ರಲ್ಲಿ ಆರಂಭವಾಗಿ, ಗೇಜ್ ಪರಿವರ್ತನೆಗಾಗಿ ವರ್ಷಗಟ್ಟಲೆ ನಿಂತು, 2007ರ ಕೊನೆಯಲ್ಲಿ ಮತ್ತೆ ಪ್ರಯಾಣಿಕರನ್ನು ಕಂಡಿತು. ಮಂಗಳೂರು ಸೆಂಟ್ರಲ್‌ನಿಂದ ಕಬಕ ಪುತ್ತೂರಿನವರೆಗೆ ಮಾತ್ರ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನು 2025ರ ಏಪ್ರಿಲಿನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಿಸಿದರು. ಕಾಣಿಯೂರು, ಕೋಡಿಂಬಾಳದ ಕಡೆಯ ವಿದ್ಯಾರ್ಥಿಗೆ ಮಂಗಳೂರಿನ ಹಂಪನಕಟ್ಟೆಯ ಕಾಲೇಜು ಹೀಗೆ ಒಂದೇ ಗಾಡಿಯಲ್ಲಿ ಎಟುಕುವಂತಾಯಿತು. ಈ ವಿಸ್ತರಣೆಗಾಗಿ ರೈಲ್ವೆ ಬಳಕೆದಾರರು ವರ್ಷಗಳ ಕಾಲ ಮನವಿಗಳನ್ನು ಬರೆದರು. ನಮ್ಮ ಜಮಾಅತುಗಳಿಂದ ಎಷ್ಟು ಮನವಿ ಹೋಗಿತ್ತು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಈಗ ಒಂದು ನಾಜೂಕಾದ ವಿಷಯ. ಮಕ್ಕಳ ಚಲನವಲನವನ್ನು ತಿಳಿಯಬೇಕು ಎಂದ ಕೂಡಲೇ ಕೆಲವರ ಕೈ ಮೊಬೈಲಿನ ಕಡೆಗೆ ಹೋಗುತ್ತದೆ. ಮಗಳ ಫೋನಿನಲ್ಲಿ ಲೊಕೇಶನ್ ಹಾಕಿಟ್ಟಿದ್ದೇವೆ, ಎಲ್ಲವೂ ಗೊತ್ತಾಗುತ್ತದೆ ಎಂದು ಒಬ್ಬ ತಂದೆ ನನ್ನೊಡನೆ ಹೆಮ್ಮೆಯಿಂದ ಹೇಳಿದರು. ಏನು ಗೊತ್ತಾಗುತ್ತದೆ? ನಕ್ಷೆಯ ಮೇಲೆ ಒಂದು ಚುಕ್ಕಿ ನಲುವತ್ತು ನಿಮಿಷ ಕದಲದೆ ನಿಂತದ್ದು ಕಾಣುತ್ತದೆ. ಅವಳು ಬಸ್ಸಿಗೆ ಕಾಯುತ್ತಿದ್ದಾಳೆಂದು ಆ ಚುಕ್ಕಿ ಹೇಳುವುದಿಲ್ಲ. ತಂದೆಗೆ ಸಂಶಯ, ಮಗಳಿಗೆ ಸಂಕಟ. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಹನ್ನೆರಡನೇ ವಚನವು ಗುಮಾನಿಯನ್ನೂ ಇತರರ ಗುಟ್ಟು ಕೆದಕುವುದನ್ನೂ ಒಟ್ಟಿಗೇ ನಿಷೇಧಿಸಿದೆ. ಮದರಸದಲ್ಲಿ ತಜಸ್ಸುಸ್ ಎಂಬ ಆ ಪದದ ಅರ್ಥವನ್ನು ನಮಗೆ ಬಿಡಿಸಿ ಹೇಳಿಕೊಟ್ಟಿದ್ದರು. 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಎಳೆಯ ಮಗುವಿನ ಮೇಲೆ ಕಣ್ಣಿಡುವುದು ಹೆತ್ತವರ ಹೊಣೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಇಪ್ಪತ್ತರ ಮಗಳನ್ನು ಕರೆದು ಕೂರಿಸಿ ಕೇಳಿದರೆ ಹೇಳುವುದನ್ನು ಬೆನ್ನ ಹಿಂದೆ ನಿಂತು ತಿಳಿಯುವ ಅಗತ್ಯವೇನು?

ನಮ್ಮ ಜಿಲ್ಲೆಯಲ್ಲಿ ಬೆನ್ನು ಹತ್ತುವವರಿಗೆ ಕೊರತೆಯಿಲ್ಲ. ಬೇರೆ ಧರ್ಮದ ಸಹಪಾಠಿಯೊಂದಿಗೆ ಒಂದೇ ಬಸ್ಸಿನಲ್ಲಿ ಕಂಡರೆಂದು ವಿದ್ಯಾರ್ಥಿಗಳನ್ನು ತಡೆದು ವಿಚಾರಿಸಿದ, ಹೊಡೆದ ಪ್ರಕರಣಗಳು ಕರಾವಳಿಯಲ್ಲಿ ಮತ್ತೆ ಮತ್ತೆ ನಡೆದಿವೆ. ಅದನ್ನು ಮಾಡಿದವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಮುಚ್ಚಿಡುವುದು ಬೇಡ. ಆದುದರಿಂದಲೇ ಮಕ್ಕಳ ದಾರಿಯ ಮಾಹಿತಿಯನ್ನು ಸಂಗ್ರಹಿಸುವಾಗ ಹೆಸರು ಬೇಡ, ಫೋನ್ ನಂಬರ್ ಬೇಡ, ಯಾರೊಂದಿಗೆ ಬಂದೆ ಎಂಬ ಪ್ರಶ್ನೆಯಂತೂ ಬೇಡವೇ ಬೇಡ.

ನಮ್ಮ ಪೂರ್ವಿಕರು ಜ್ಞಾನಕ್ಕಾಗಿ ಮಾಡಿದ ಪ್ರಯಾಣಗಳ ಲೆಕ್ಕ ಇಟ್ಟವರು. ಪ್ರವಾದಿವರ್ಯರ(ಸ) ಸಂಗಾತಿ ಜಾಬಿರ್ ಬಿನ್ ಅಬ್ದುಲ್ಲಾರು(ರ) ಒಂದೇ ಒಂದು ಹದೀಸನ್ನು ಕೇಳಲು ಒಂಟೆಯೊಂದನ್ನು ಕೊಂಡು, ತಿಂಗಳ ದಾರಿ ಸವೆಸಿ ಶಾಮ್ ದೇಶಕ್ಕೆ ಹೋದರು. ಹನ್ನೊಂದನೇ ಶತಮಾನದಲ್ಲಿ ಖತೀಬ್ ಬಗ್ದಾದಿಯವರು ಇಂಥ ಪ್ರಯಾಣಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥ ರಚಿಸಿದರು. ಕಲಿತದ್ದರ ಜೊತೆಗೆ ಕಲಿಯಲು ಹೋದ ದಾರಿಯನ್ನೂ ಬರೆದಿಡುವ ಪರಂಪರೆ ನಮ್ಮದು. ಇಂದು ಪಂಜದ ಅಥವಾ ಮಂಡೆಕೋಲಿನ ಹುಡುಗಿಯ ದಾರಿಯನ್ನು ಬರೆಯಲು ನಮಗೆ ಒಂದು ನೋಟು ಪುಸ್ತಕ ಸಾಕು.

ಪ್ರತಿ ಜಮಾಅತ್‌ನಲ್ಲಿ ಒಂದು ವಾರದ ಕೆಲಸವಿದು. ಪದವಿ, ಪಿಯುಸಿ ಓದುವ ಮಕ್ಕಳೇ ಬರೆಯಲಿ. ಮನೆ ಬಿಟ್ಟ ಗಂಟೆ, ಬಸ್ಸು ಹತ್ತಿದ ಸ್ಟಾಪು, ಕಾದ ನಿಮಿಷ, ನಿಲ್ಲದೆ ಹೋದ ಬಸ್ಸುಗಳು, ತರಗತಿ ಮುಟ್ಟಿದ ಗಂಟೆ, ಸಂಜೆ ಮನೆ ಮುಟ್ಟಿದ ಗಂಟೆ. ಕೊನೆಗೆ ಒಂದು ಸಾಲು: ಬಸ್ಸಿನ ಕಾರಣಕ್ಕೆ ಬಿಟ್ಟ ತರಗತಿ ಅಥವಾ ವಿಷಯ ಯಾವುದಾದರೂ ಇದೆಯೇ? ಓದು ನಿಲ್ಲಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳ ಬಳಿಗೂ ಈ ಪುಸ್ತಕ ಹೋಗಬೇಕು. ಅವರ ಉತ್ತರವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಒಮ್ಮೆ ಜುಲೈಯಲ್ಲಿ, ಇನ್ನೊಮ್ಮೆ ನವೆಂಬರಿನಲ್ಲಿ ಬರೆಯಿಸಬೇಕು. ಕಾರಣ ಮೊದಲೇ ಹೇಳಿದ್ದೇನೆ.

ಇದನ್ನು ನಮ್ಮವರದ್ದು ಮಾತ್ರವೆಂದು ಮಾಡಿದರೆ ಕೆಲಸ ಕೆಡುತ್ತದೆ. ಕುಂಬ್ರದ ಸ್ಟಾಪಿನಲ್ಲಿ ನಿಂತ ಮಕ್ಕಳಲ್ಲಿ ಎಲ್ಲರೂ ಇದ್ದಾರೆ. ಬಸ್ಸು ನಿಲ್ಲದೆ ಹೋದರೆ ಎಲ್ಲರಿಗೂ ನಿಲ್ಲದೆ ಹೋಗುತ್ತದೆ. ನೆರೆಮನೆಯ ಗೌಡರ ಮಗಳೂ, ಬಿಲ್ಲವರ ಮಗನೂ, ಚರ್ಚಿನ ಮಕ್ಕಳೂ ಅದೇ ಪುಸ್ತಕದಲ್ಲಿ ಬರೆಯಲಿ. ಒಂದು ಸಮುದಾಯಕ್ಕೆಂದು ಯಾವ ಸಾರಿಗೆ ಅಧಿಕಾರಿಯೂ ಬಸ್ಸು ಕೊಡಲಾರ. ಇಂಥ ಸ್ಟಾಪಿನಲ್ಲಿ ಬೆಳಿಗ್ಗೆ ಇಷ್ಟು ಗಂಟೆಗೆ ಇಷ್ಟು ವಿದ್ಯಾರ್ಥಿಗಳು ಐದೂ ದಿನ ಉಳಿದರು ಎಂದು ಬರೆದು ಕೊಟ್ಟರೆ ಪುತ್ತೂರು ವಿಭಾಗೀಯ ಕಚೇರಿಯವರು ಅದಕ್ಕೆ ಉತ್ತರಿಸಲೇಬೇಕಾಗುತ್ತದೆ. ಕಾಲೇಜಿನವರೊಂದಿಗೂ ಅದೇ ಹಾಳೆ ಹಿಡಿದು ಮಾತನಾಡಬಹುದು. ಪ್ರಾಕ್ಟಿಕಲ್ ತರಗತಿಯನ್ನು ಬೆಳಗಿನ ಹೊತ್ತಿಗೆ ಹಾಕಲು ಸರಕಾರದ ಆದೇಶ ಬೇಕಾಗಿಲ್ಲ. ಮದುವೆ ಮಂಟಪದ ದೀಪಾಲಂಕಾರಕ್ಕೆ ಒಂದು ರಾತ್ರಿಯಲ್ಲಿ ನಾವು ಸುರಿಯುವ ಹಣದಲ್ಲಿ ಸಂಜೆಯ ಒಂದು ವ್ಯಾನನ್ನು ಎಷ್ಟು ತಿಂಗಳು ಓಡಿಸಬಹುದೆಂದು ಲೆಕ್ಕ ಹಾಕುವ ಕೆಲಸವನ್ನು ಜಮಾಅತಿನ ಖಜಾಂಚಿಯವರಿಗೆ ಬಿಡುತ್ತೇನೆ.

ಮಾದರಿ ಹಾಳೆಯೊಂದನ್ನು ತಂದಿದ್ದೇನೆ, ಬಾಗಿಲ ಬಳಿ ಮೇಜಿನ ಮೇಲಿದೆ. ಹೋಗುವಾಗ ಮನೆಗೊಂದರಂತೆ ತೆಗೆದುಕೊಳ್ಳಿ. ನೀವು ತುಂಬಬೇಡಿ, ಮಕ್ಕಳ ಕೈಗೆ ಕೊಡಿ. ತುಂಬಿದ ಹಾಳೆಗಳನ್ನು ಮುಂದಿನ ಶುಕ್ರವಾರ ಜುಮುಅದ ಬಳಿಕ ಮಸೀದಿಯಲ್ಲಿ ಸಂಗ್ರಹಿಸುತ್ತಾರೆ. ಬೇರೆ ಧರ್ಮದ ಮಕ್ಕಳು ತಮ್ಮ ಕಾಲೇಜಿನ ವಿದ್ಯಾರ್ಥಿ ಪ್ರತಿನಿಧಿಗಳ ಕೈಗೆ ಕೊಡಲಿ. ಕಡಬದ ಕಡೆಗೆ ಹೋಗುವವರು ಸಮಯ ನೋಡುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಅವರ ಬಸ್ಸು ತಪ್ಪಬಾರದು. ಅಸ್ಸಲಾಮು ಅಲೈಕುಮ್.